ತಲೆಯ ಮೇಲಿನ ಪುಟ್ಟ ಅಂಕಿ

ಚಾಮರಾಜಪೇಟೆ ಐದನೇ ಮೈನು, ಬೆಳಗಿನ ಏಳೂಕಾಲು.
ದರ್ಶಿನಿಯ ಮಾದೇಶ ಇಡ್ಲಿ ಪೆಟ್ಟಿಗೆಯ ಬಾಗಿಲು ತೆಗೆದ;
ಹಲೀನಾಳ ಕನ್ನಡಕ ಬೆಳ್ಳಗಾಯಿತು.
"ಪಾರಾ" ಅಂದಳು, ಒರೆಸಿಕೊಳ್ಳದೆ.
ಯಾರಿಂದ ಪಾರಾದೆಯಮ್ಮ, ಅಂದೆ.
ಅಲ್ಲ, ನಮ್ಮ ಪೋಲಿಷಿನಲ್ಲಿ ಹಬೆಗೆ ಪಾರಾ ಅಂತಾರೆ.

ಮೂವತ್ತೊಂದು ವರ್ಷ ನಿಘಂಟಿನ ಕರಡು ತಿದ್ದಿದವಳು ನಾನು.
ಹೊಸ ಪದ ಸಿಕ್ಕರೆ ಮೊದಲು ತಲೆ ಸವರಿ ನೋಡುತ್ತೇನೆ
ಮೇಲೊಂದು ಪುಟ್ಟ ಅಂಕಿ ಇದೆಯೇ ಎಂದು.
ಇತ್ತು. ಮೂರರ ತನಕ.

ಹಲೀನಾಳ ಕನ್ನಡ ಆಟೋದವರಿಂದ ಕಲಿತದ್ದು,
ವಿಭಕ್ತಿಗೆ ಮೀಟರ್ ಹಾಕುವುದಿಲ್ಲ.
ಹಬೆ ಮನೆಯದೇ ಪದವಂತೆ, ಅಜ್ಜಿಯ ಅಜ್ಜಿ ಕಾಲದ್ದು.
ಜೋಡಿಗೂ ಪಾರಾ; ಅದು ಲ್ಯಾಟಿನಿನಲ್ಲಿ ಹುಟ್ಟಿ
ಜರ್ಮನರ ಬಾಗಿಲು ದಾಟಿ ಬಂದದ್ದು.
ಇನ್ನೊಂದು ಪಾರಾ ತುರ್ಕಿಯ ನಾಣ್ಯ,
ಅದರ ಹಿಂದೆ ಪಾರಸಿಯ 'ಚೂರು';
ಈಗ ಅದಕ್ಕೆ ಏನೂ ಬರುವುದಿಲ್ಲ.
ಮೂವರೂ ಅಣ್ಣತಮ್ಮಂದಿರಲ್ಲ. ದಾಯಾದಿಗಳೂ ಅಲ್ಲ.

ಗೊತ್ತು ಬಿಡು, ವಠಾರ, ಅಂದೆ.
ನಮ್ಮದೂ ಒಂದೇ ಗೇಟು, ಒಂದೇ ನಂಬರು, ಹದಿನೇಳು.
ಒಳಗೆ ಬಾರ್ ಒಂದರಲ್ಲಿ ಬೆಳ್ಳಿ ತಗಡು ಬಡಿಯುವ ಖಲೀಲ್ ಸಾಬರು,
ಬಾರ್ ಎರಡರಲ್ಲಿ ನಾಗಸ್ವರದ ಮುನಿವೆಂಕಟಪ್ಪ,
ಬಾರ್ ಮೂರು ನಾನು.
ಕರೆಂಟಿನ ಮೀಟರು ಬೇರೆ ಬೇರೆ.
ಅಂಚೆಯವ ಮಾತ್ರ ಆಗಾಗ ತಪ್ಪುತ್ತಾನೆ;
ಮುನಿವೆಂಕಟಪ್ಪನಿಗೆ ಬಂದ ಮದುವೆಯ ಕರೆಯೋಲೆಯನ್ನು
ನಾನು ಒಡೆದು ಓದಿದ್ದೇನೆ, ಹೋಗಿಯೂ ಬಂದಿದ್ದೇನೆ.

ನಮ್ಮಲ್ಲೂ ಇದ್ದಾವೆ ಪಾರಾಗಳು, ಕೇಳು.
ಖಜಾನೆ ಬಾಗಿಲಲ್ಲಿ ಬಂದೂಕು ಹಿಡಿದು ನಿಲ್ಲುವುದು ಪಾರಾ,
ಪಹರೆ ಸವೆದು ಸವೆದು ಉಳಿದದ್ದು.
ಅವನ ಕಣ್ಣು ತಪ್ಪಿಸಿ ಗೋಡೆ ಹಾರಿದವನು ಪಾರಾದ,
ಅದು ಸಂಸ್ಕೃತ, ಹೊಳೆಯ ಆಚೆ ದಡ.
ಎರಡನ್ನೂ ಯಾರೋ ಒಂದೇ ನಮೂದಿಗೆ ತುರುಕಿದ್ದರು.
ಬಿಡಿಸಿ ಅಂಕಿ ಹಾಕಿದೆ, ಒಂದು, ಎರಡು.
ಸಂಪಾದಕ ಕುಪ್ಪಣ್ಣಾಚಾರ್ಯರು ಕರಡು ಕೆಳಗಿಟ್ಟು ನಕ್ಕಿದ್ದರು:
"ಕಳ್ಳನನ್ನೂ ಕಾವಲಿನವನನ್ನೂ ಬೇರೆ ಮಾಡಿದೆಯಲ್ಲಮ್ಮ,
ಪೊಲೀಸರಿಗೇ ಆಗದ ಕೆಲಸ."

ಹಲೀನಾ ತಡವಾಗಿ ನಕ್ಕಳು.

ಹೋದ ವರ್ಷ ಇದೇ ಕಲ್ಲುಮೇಜಿಗೆ ಇಬ್ಬರು ಬರುತ್ತಿದ್ದರು.
ಎತ್ತರದವನು ಸಾಂಬಾರಿನ ಬಟ್ಟಲನ್ನೇ ಎತ್ತಿ ಕುಡಿಯುತ್ತಿದ್ದ.
ಈಗ ಕೌಂಟರಿನಲ್ಲಿ ಅವಳು "ಸಿಂಗಲ್ ಇಡ್ಲಿ" ಅನ್ನುತ್ತಾಳೆ.
ತಟ್ಟೆ ಮಾತ್ರ ಎರಡಕ್ಕೇ ಮಾಡಿದ್ದು.
ನಾನು ಕೇಳಿಲ್ಲ.
ಅವಳ ಕಡೆ ಗುಟ್ಟು ಬಿಡದವರನ್ನು
"ಬಾಯಿಂದ ಪಾರಾ ಬಿಡಲಿಲ್ಲ" ಅನ್ನುವರಂತೆ,
ನಮ್ಮ ತುಟಿ ಪಿಟಕ್ಕೆನ್ನದಿರುವ ಹಾಗೆ.
ಅಲ್ಲಿರುವ ಪಾರಾ ಹಬೆಯದು, ಜೋಡಿಯದಲ್ಲ
ಎಂದಳು. ಇನ್ನೊಂದು ಸಲವೂ ಎಂದಳು.

ಬೇರು ಬೇರೆ ಎನ್ನುವುದು ನಿಜವೇ, ನಾನೇ ಅಚ್ಚು ಹಾಕಿಸಿದವಳು.
ಆದರೆ ಬಾಯಿ ಬೇರು ನೋಡಿ ಬಾಡಿಗೆಗೆ ಕೊಡುತ್ತದೆಯೇ?
ಗೋಡೆಯಾಚೆ ಮುನಿವೆಂಕಟಪ್ಪ ಶ್ರುತಿ ಹಿಡಿದರೆ
ನನ್ನ ಒಲೆಯ ಮೇಲಿನ ಪಾತ್ರೆಯ ಮುಚ್ಚಳ
ಸಣ್ಣಗೆ ನಡುಗುತ್ತದೆ.

ಗಲ್ಲಾದಲ್ಲಿ ಎರಡು ರೂಪಾಯಿ ಚಿಲ್ಲರೆ ಇರಲಿಲ್ಲ, ಎಂದಿನಂತೆ.
ಎರಡು ಪೆಪ್ಪರ್‌ಮೆಂಟು ಕೊಟ್ಟರು.
ಫುಟ್‌ಪಾತಿಗೆ ಇಳಿದ ಮೇಲೆ
ಒಂದನ್ನು ನನ್ನ ಅಂಗೈಗೆ ಒತ್ತಿ
"ಪಾರಾ" ಅಂದಳು.
ಡಿಸೆಂಬರಿನ ಚಳಿ; ಆ ಮಾತು ಅವಳ ಬಾಯಿಂದ
ತೆಳ್ಳಗೆ, ಬೆಳ್ಳಗೆ ಬಂತು.
ತಲೆಯ ಮೇಲೆ ಯಾವ ಅಂಕಿಯಿತ್ತೋ,
ಸವರಿ ನೋಡಲು ಹೋಗಲಿಲ್ಲ.